ಗಣಕದ ಹೆಸರು ಬದಲಿಸುವ ಆದೇಶ: ಅದು ಹೇಳದೆ ಬಿಡುವ ಮಾತು

ಲಿನಕ್ಸ್ ಗಣಕದ ಹೆಸರನ್ನು ಬದಲಿಸುವುದು ಈಗ ಒಂದೇ ಸಾಲಿನ ಕೆಲಸ. ಸಿಸ್ಟಮ್‌ಡಿ ತಂತ್ರಾಂಶದೊಂದಿಗೆ ಬರುವ 'ಹೋಸ್ಟ್‌ನೇಮ್‌ಸಿಟಿಎಲ್' ಆದೇಶಕ್ಕೆ ಹೊಸ ಹೆಸರು ಕೊಟ್ಟರಾಯಿತು. ಅದು ಏನೂ ಹೇಳದೆ ಕೆಲಸ ಮುಗಿಸುತ್ತದೆ. ನಮ್ಮ ಆಕ್ಷೇಪಣೆ ಈ ಮೌನದ ಬಗ್ಗೆ.

ಮೊದಲು ಅದರ ಗುಣವನ್ನು ನೋಡೋಣ. ಜಾಲಕ್ಕೆ ಬೇಕಾದ ಹೆಸರನ್ನೂ ಜನ ಓದುವ ಹೆಸರನ್ನೂ ಈ ಆದೇಶ ಬೇರೆಬೇರೆಯಾಗಿ ಇಡುತ್ತದೆ. ಮೊದಲನೆಯದು ರೋಮನ್ ಅಕ್ಷರ, ಅಂಕಿ, ಕಿರುಗೆರೆಗಳಲ್ಲಿರಬೇಕು. ಎರಡನೆಯದನ್ನು 'ಗ್ರಂಥಾಲಯದ ಗಣಕ' ಎಂದು ಕನ್ನಡದಲ್ಲೇ ಕೊಡಬಹುದು. ಇದು ಒಳ್ಳೆಯ ವಿನ್ಯಾಸ.

ಇನ್ನು ಕೊರತೆ. ಡೆಬಿಯನ್ ಬಗೆಯ ವ್ಯವಸ್ಥೆಗಳಲ್ಲಿ ಗಣಕದ ಹೆಸರು 'ಇಟಿಸಿ' ಕೋಶದ ಎರಡು ಕಡತಗಳಲ್ಲಿರುತ್ತದೆ: 'ಹೋಸ್ಟ್‌ನೇಮ್' ಮತ್ತು 'ಹೋಸ್ಟ್ಸ್'. ಎರಡನೆಯದರಲ್ಲಿ 127.0.1.1 ಎಂಬ ವಿಳಾಸದ ಮುಂದೆ ಹೆಸರು ಬರೆದಿರುತ್ತದೆ. ಆದೇಶವು ಮೊದಲ ಕಡತವನ್ನು ಮಾತ್ರ ತಿದ್ದುತ್ತದೆ. ಮುಂದೆ ನೀವು 'ಸೂಡೂ' ಬಳಸಿದಾಗ, ಗಣಕ ತನ್ನ ಹೊಸ ಹೆಸರಿಗೆ ವಿಳಾಸ ಹುಡುಕುತ್ತದೆ. 'ಹೋಸ್ಟ್ಸ್' ಕಡತದಲ್ಲಿ ಸಿಗದೆ ಜಾಲದ ಡಿಎನ್‌ಎಸ್ ಅನ್ನು ಕೇಳುತ್ತದೆ. ಅಲ್ಲಿಂದ ಉತ್ತರ ಬಾರದಿದ್ದರೆ ಕೆಲವು ಸೆಕೆಂಡು ಕಾದು, ಹೆಸರಿನ ವಿಳಾಸ ತಿಳಿಯಲಿಲ್ಲವೆಂದು ದೂರುತ್ತದೆ. ನಿಮಗೆ ಕಾಣುವುದು ಮಾತ್ರ ಗಣಕ ನಿಧಾನವಾಯಿತೆಂಬುದು.

ಇದು ಕಿರಿಕಿರಿಯಷ್ಟೆ, ಮುಂದಿನದು ಗಾಬರಿಪಡಿಸುವಂಥದು. ಕ್ರೋಮಿಯಂ ಬ್ರೌಸರು ತನ್ನ ಬೀಗದ ಕಡತದಲ್ಲಿ ಗಣಕದ ಹೆಸರನ್ನು ಬರೆದಿಡುತ್ತದೆ. ಹಳೆಯ ಬೀಗ ಉಳಿದಿದ್ದರೆ, ನಿಮ್ಮ ಪ್ರೊಫೈಲನ್ನು ಬೇರೆ ಗಣಕ ಬಳಸುತ್ತಿದೆಯೆಂದು ತಿಳಿದು ತೆರೆಯಲು ಒಪ್ಪುವುದಿಲ್ಲ. ಸಂದೇಶಗಳನ್ನು ಸಾಗಿಸುವ ರ‍್ಯಾಬಿಟ್‌ಎಂಕ್ಯೂ ತನ್ನ ದತ್ತಾಂಶದ ಕೋಶಕ್ಕೆ ಗಣಕದ ಹೆಸರನ್ನೇ ಸೇರಿಸುತ್ತದೆ. ಹೆಸರು ಬದಲಾದರೆ ಹೊಸ ಖಾಲಿ ಕೋಶದೊಂದಿಗೆ ಆರಂಭವಾಗುತ್ತದೆ. ದತ್ತಾಂಶ ಅಳಿದಿಲ್ಲ, ಹಳೆಯ ಕೋಶದಲ್ಲೇ ಇದೆ. ಇದನ್ನರಿಯದವರು ಎಲ್ಲ ಹೋಯಿತೆಂದು ಮರುಸ್ಥಾಪನೆಗೆ ಕೈಹಾಕಿದರೆ ಆಗ ನಿಜವಾಗಿಯೂ ಕಳೆದುಕೊಂಡಾರು.

'ಹೋಸ್ಟ್ಸ್' ಕಡತ ನಿರ್ವಾಹಕರ ಸ್ವತ್ತು, ಆದೇಶ ಅದನ್ನು ಮುಟ್ಟಬಾರದು ಎಂಬ ವಾದವುಂಟು. ಒಪ್ಪೋಣ. ಆದರೆ ಎಚ್ಚರಿಸುವುದು ಮುಟ್ಟಿದಂತಲ್ಲ. 'ಹಳೆಯ ಹೆಸರು ಇನ್ನೂ ಇಲ್ಲಿದೆ' ಎಂಬ ಒಂದು ಸಾಲು ಸಾಕಿತ್ತು. ಸ್ವಂತ ಹೆಸರಿಗೆ ತಾನೇ ವಿಳಾಸ ಒದಗಿಸುವ 'ಮೈಹೋಸ್ಟ್‌ನೇಮ್' ಘಟಕ ಸಿಸ್ಟಮ್‌ಡಿ ಯೋಜನೆಯಲ್ಲೇ ಇದೆ; ಡೆಬಿಯನ್‌ನಲ್ಲಿ ಅದು ಪ್ರತ್ಯೇಕ ಪ್ಯಾಕೇಜು. ತಂತ್ರಾಂಶ ಬರೆಯುವವರದೂ ತಪ್ಪಿದೆ. ಹೆಸರು ಕರೆಯುವುದಕ್ಕೆ, ಗುರುತಿಗೆಂದೇ ಬದಲಾಗದ 'ಮಷಿನ್-ಐಡಿ' ಇದೆ.

ಅಲ್ಲಿಯವರೆಗೆ ಎಚ್ಚರ ನಿಮ್ಮದೇ. ಹಳೆಯ ಹೆಸರನ್ನು ಚೀಟಿಯಲ್ಲಿ ಬರೆದಿಡಿ. 'ಗ್ರೆಪ್' ಬಳಸಿ ಅದು 'ಇಟಿಸಿ'ಯಲ್ಲಿ ಎಲ್ಲೆಲ್ಲಿದೆಯೆಂದು ಹುಡುಕಿ. 'ಹೋಸ್ಟ್ಸ್' ಕಡತಕ್ಕೆ ಹೊಸ ಹೆಸರನ್ನು ಮೊದಲೇ ಸೇರಿಸಿ, ಬಳಿಕ ಆದೇಶ ಕೊಟ್ಟು ಗಣಕವನ್ನು ಮರುಚಾಲನೆ ಮಾಡಿ. ಏನಾದರೂ ಕಾಣೆಯಾದರೆ ಅಳಿಸುವ ಮುನ್ನ ಹಳೆಯ ಹೆಸರಿಗೆ ಮರಳಿ ನೋಡಿ. ಕಾಣೆಯಾದದ್ದು ಬಹುಪಾಲು ಅಲ್ಲೇ ಇರುತ್ತದೆ.