ವಿಲೀನವಾದ ವಿಮಾನ ಸಂಸ್ಥೆಗಳು: ಹೆಸರು ಮತ್ತು ಸಂಕೇತ

ವಿಮಾನದ ಟಿಕೆಟನ್ನು ನೀವು ನೋಡಿರಬಹುದು. ಅದರಲ್ಲಿ ಹಾರಾಟದ ಸಂಖ್ಯೆಗೆ ಮುನ್ನ ‘ಎಐ’, ‘6ಇ’ ಎಂಬಂತಹ ಎರಡು ಚಿಹ್ನೆಗಳಿರುತ್ತವೆ. ಇದು ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘವು (ಐಎಟಿಎ) ಪ್ರತಿ ಸಂಸ್ಥೆಗೂ ನೀಡುವ ಸಂಕೇತ. ಹೆಸರು, ಲಾಂಛನ ಇರುವುದು ಪ್ರಯಾಣಿಕರ ಮನಸ್ಸಿಗಾಗಿ. ಸಂಕೇತ ಇರುವುದು ಕಂಪ್ಯೂಟರಿಗಾಗಿ. ಸಂಸ್ಥೆಗಳು ವಿಲೀನವಾದಾಗ ನಾವು ಹೊಸ ಲಾಂಛನದ ಅಂದಚಂದವನ್ನಷ್ಟೇ ಚರ್ಚಿಸುತ್ತೇವೆ. ಸಂಕೇತವನ್ನು ಹೇಗೆ ನಿಭಾಯಿಸಿದರು ಎಂಬುದೂ ವಿಮರ್ಶೆಗೆ ಅರ್ಹವಾದ ವಿಷಯ.

ಇಂಡಿಯನ್ ಏರ್‌ಲೈನ್ಸ್ 2005ರಲ್ಲಿ ‘ಇಂಡಿಯನ್’ ಎಂದು ಹೆಸರು ಬದಲಿಸಿಕೊಂಡು, ವಿಮಾನದ ಬಾಲದ ಮೇಲೆ ಕೋನಾರ್ಕದ ಚಕ್ರವನ್ನು ಬರೆಸಿತು. ಎರಡು ವರ್ಷ ತುಂಬುವ ಮೊದಲೇ, 2007ರಲ್ಲಿ, ಅದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಆದರೆ ಅದರ ‘ಐಸಿ’ ಸಂಕೇತ 2011ರವರೆಗೂ ಉಳಿಯಿತು. ಹೆಸರು ಒಂದಾದರೂ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ ಒಂದಾಗಿರಲಿಲ್ಲ! ಬೆಂಗಳೂರಿನಲ್ಲಿ 2003ರಲ್ಲಿ ಆರಂಭವಾದ ಏರ್ ಡೆಕ್ಕನ್‌ನದು ಇನ್ನೊಂದು ಬಗೆ. ಅದು 2008ರೊಳಗೆ ‘ಸಿಂಪ್ಲಿಫ್ಲೈ ಡೆಕ್ಕನ್’ ಆಗಿ, ಮತ್ತೆ ‘ಕಿಂಗ್‌ಫಿಷರ್ ರೆಡ್’ ಆಯಿತು. ಐದು ವರ್ಷಗಳಲ್ಲಿ ಮೂರು ಹೆಸರು! ಅಗ್ಗದ ಪ್ರಯಾಣಕ್ಕೆ ಹೆಸರಾದ ಸಂಸ್ಥೆಯ ಗುರುತೇ ಅಳಿಸಿಹೋಯಿತು.

ಇವೆರಡಕ್ಕಿಂತ ವಿಸ್ತಾರಾ ವಿಲೀನ ಅಚ್ಚುಕಟ್ಟಾದುದು. 2024ರ ನವೆಂಬರ್ 12ರಂದು ಅದರ ‘ಯುಕೆ’ ಸಂಕೇತ ನಿಂತಿತು. ಅದೇ ದಿನದಿಂದ ಅದರ ಹಾರಾಟಗಳು ‘ಎಐ’ ಸಂಕೇತದಡಿ, 2ರಿಂದ ಆರಂಭವಾಗುವ ನಾಲ್ಕಂಕಿಯ ಸಂಖ್ಯೆ ಪಡೆದವು. ಉದಾಹರಣೆಗೆ, ಯುಕೆ 955 ಎಂಬುದು ಎಐ 2955 ಆಯಿತು. ಹೆಸರು ಹೋದರೂ, ಯಾವುದು ವಿಸ್ತಾರಾದಿಂದ ಬಂದ ಹಾರಾಟ ಎಂಬುದನ್ನು ಪ್ರಯಾಣಿಕರು ಒಂದೇ ಅಂಕಿಯಿಂದ ಗುರುತಿಸಬಹುದಿತ್ತು. ವರ್ಗೀಕರಣವೆಂದರೆ ಹೀಗಿರಬೇಕು.

ಒಂದು ಮೂಲಭೂತ ದೋಷ ಮಾತ್ರ ಹಾಗೆಯೇ ಇದೆ. ಬಿಟ್ಟ ಸಂಕೇತವನ್ನು ಇನ್ನೊಬ್ಬರಿಗೆ ಕೊಡಲಾಗುತ್ತದೆ. ‘ಯುಕೆ’ ಹಿಂದೆ ಬ್ರಿಟನ್ನಿನ ಏರ್ ಯುಕೆ ಸಂಸ್ಥೆಯದಾಗಿತ್ತು. 1999ರಲ್ಲಿ ಅಪಹರಣಕ್ಕೆ ಒಳಗಾದ ಐಸಿ 814ರ ‘ಐಸಿ’, 2024ರಲ್ಲಿ ಹಾರಾಟ ಆರಂಭಿಸಿದ ಫ್ಲೈ91 ಸಂಸ್ಥೆಗೆ ಸಿಕ್ಕಿದೆ. ಶಾಲೆ ಬಿಟ್ಟ ವಿದ್ಯಾರ್ಥಿಯ ದಾಖಲಾತಿ ಸಂಖ್ಯೆಯನ್ನು ನೀವು ಹೊಸಬನಿಗೆ ಕೊಡುತ್ತೀರಾ? ಕೊಟ್ಟರೆ ಹಳೆಯ ದಾಖಲೆ ಯಾರದೆಂದು ತಿಳಿಯುವುದು ಹೇಗೆ?

ಹೀಗೇಕೆ ಆಗುತ್ತದೆ? ಲೆಕ್ಕ ಹಾಕಿ ನೋಡಿ. ಇಂಗ್ಲಿಷಿನ 26 ಅಕ್ಷರ ಮತ್ತು 10 ಅಂಕಿಗಳಿಂದ ಎರಡು ಸ್ಥಾನಗಳಲ್ಲಿ 36 × 36 = 1,296 ಜೋಡಿಗಳು ಬರುತ್ತವೆ. ಬರೀ ಅಂಕಿಗಳ 100 ಜೋಡಿಗಳನ್ನು ಬಿಟ್ಟರೆ ಉಳಿಯುವುದು 1,196. ಇಡೀ ಜಗತ್ತಿಗೆ ಇದು ಸಾಲದು. ಮೂರು ಅಕ್ಷರಗಳಾದರೆ 17,576 ಸಂಕೇತಗಳು ದೊರೆಯುತ್ತವೆ. ವಾಯು ಸಂಚಾರ ನಿಯಂತ್ರಣದಲ್ಲಿ ಮೂರಕ್ಷರದ ಸಂಕೇತಗಳು ಈಗಾಗಲೇ ಬಳಕೆಯಲ್ಲಿವೆ. ಟಿಕೆಟಿನಲ್ಲೂ ಅದನ್ನೇ ಬಳಸಬಾರದೇಕೆ? ಬಾಲಕ್ಕೆ ಹೊಸ ಬಣ್ಣ ಬಳಿಯುವುದಕ್ಕಿಂತ ಇದು ಮುಖ್ಯವಾದ ಸುಧಾರಣೆ. ನಿಮ್ಮ ವಿದ್ಯಾರ್ಥಿಗಳಿಂದ ಈ ಲೆಕ್ಕವನ್ನು ಮಾಡಿಸಿ, ಅವರ ಅಭಿಪ್ರಾಯವನ್ನೂ ಕೇಳಿ.