ಸೆರೆಯ ರಾಣಿಯ ಓಲೆ: ರಸಿಕರಿಗೊಂದು ಕೈಪಿಡಿ

ರಾಜ್ಯಭ್ರಷ್ಟಳಾದ ರಾಣಿಯೊಬ್ಬಳ ಪತ್ರವನ್ನು ಮೊದಲ ಬಾರಿಗೆ ಓದುವವನು ಅದರಲ್ಲಿ ಕಣ್ಣೀರನ್ನು ಅರಸುವುದು ಸಹಜವೇ ಆದರೂ, ಅಂತಹ ಪತ್ರವು ಹೃದಯದ ಉದ್ಗಾರವಾಗುವುದಕ್ಕೆ ಮುನ್ನವೇ ರಾಜಕಾರ್ಯವೊಂದಾಗಿರುತ್ತದೆಂಬುದನ್ನು ಮರೆಯಲಾಗದು.

ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿಯವರನ್ನೇ ನೋಡೋಣ. 1766ರಲ್ಲಿ ಪತಿ ಇಮ್ಮಡಿ ಕೃಷ್ಣರಾಜ ಒಡೆಯರು ಗತಿಸಿದ ಮೇಲೆ, ಹೈದರ್ ಮತ್ತು ಟಿಪ್ಪುವಿನ ಕಾವಲಿನಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಬಂದಿಯಂತಿದ್ದು, ಪ್ರಧಾನ ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಗುಪ್ತವಾಗಿ ವ್ಯವಹರಿಸಿ, 1782ರಲ್ಲಿ ಒಪ್ಪಂದವನ್ನೂ ಮಾಡಿಸಿದ ಇವರು, ಟಿಪ್ಪು ಮಡಿದ ಬಳಿಕ, 1799ರ ಜೂನ್ 24ರಂದು ರಾಜಮನೆತನದ ದೇವಾಜಮ್ಮಣ್ಣಿಯವರೊಡಗೂಡಿ ಈಸ್ಟ್ ಇಂಡಿಯಾ ಕಂಪನಿಯ ಕಮಿಷನರುಗಳಿಗೆ ಕೃತಜ್ಞತಾಪತ್ರವೊಂದನ್ನು ಬರೆದರು. ನಾವು ಓದುವುದು ಅದರ ಇಂಗ್ಲಿಷ್ ರೂಪವನ್ನಾದುದರಿಂದ, ಶೈಲಿಗಿಂತ ಅಭಿಪ್ರಾಯಕ್ಕೆ ಕಿವಿಗೊಡುವುದು ಲೇಸು.

ಮೊದಲು ಸಂಖ್ಯೆಯನ್ನು ಗಮನಿಸಬೇಕು. ತಮ್ಮ ಪ್ರಭುತ್ವವು ನಿಂತುಹೋಗಿ ನಲವತ್ತು ವರ್ಷಗಳಾದುವೆಂದು ಪತ್ರ ಹೇಳುತ್ತದೆ. ಹೈದರನು ಅಧಿಕಾರವನ್ನು ಕೈವಶ ಮಾಡಿಕೊಂಡ 1761ರಿಂದ ಎಣಿಸಿದರೆ ಮೂವತ್ತೆಂಟು. ಈ ಎರಡು ವರ್ಷಗಳ ಅಂತರದಲ್ಲಿ ರಸಿಕನು ಲೆಕ್ಕದ ದೋಷವನ್ನು ಕಾಣದೆ ಸೆರೆಯ ದೈರ್ಘ್ಯವನ್ನು ಕಾಣುವನು.

ಎರಡನೆಯದು ರೂಢಿಯ ಮಾತು. ಸೂರ್ಯಚಂದ್ರರಿರುವ ತನಕ ಕಂಪನಿಗೆ ಅಪರಾಧವೆಸಗೆವೆಂಬ ಭಾಷೆ, ಲೇಪಾಕ್ಷಿ ಹೇಮಾವತಿಗಳ ಕನ್ನಡ ಶಾಸನಗಳ ನಾಡಿನವರಿಗೆ ಅಪರಿಚಿತವೇನಲ್ಲ. ಆದರೆ ದಾನಶಾಸನಗಳಲ್ಲಿ ಕೊಡುವವನು ನುಡಿಯುತ್ತಿದ್ದುದನ್ನು ಇಲ್ಲಿ ಪಡೆದವರು ನುಡಿದು ತಮ್ಮನ್ನೇ ಕಟ್ಟಿಹಾಕಿಕೊಂಡಿದ್ದಾರೆ.

ಮೂರನೆಯದು ಮೌನ. ಹೈದರ್ ಟಿಪ್ಪುಗಳಿಬ್ಬರನ್ನೂ ಸೇವಿಸಿದ ಪೂರ್ಣಯ್ಯ ದಿವಾನನಾದುದಕ್ಕೆ ಸಂತೋಷ ಸೂಚಿಸುವ ಪತ್ರದಲ್ಲಿ ತಿರುಮಲರಾಯನ ಹೆಸರೇ ಇಲ್ಲ. ಪತ್ರ ಬರೆದ ಆರು ದಿನಗಳಲ್ಲಿ ಐದು ವರ್ಷ ತುಂಬದ ಬಾಲಕ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟಾಭಿಷೇಕವಾಗಬೇಕಿತ್ತು. ಕೃತಘ್ನತೆಯೆಂದು ತೀರ್ಪಿಡುವ ಮುನ್ನ, ಯಾರ ಕಣ್ಣಿಗೆ ಬೀಳಲೆಂದು ಬರೆದ ಪತ್ರವಿದೆಂದು ಕೇಳಿಕೊಳ್ಳಬೇಕು.

ಕೊನೆಯದು ಎಲ್ಲೆ. ಪತ್ರವು ಮೈಸೂರು, ನಗರ, ಚಿತ್ರದುರ್ಗಗಳನ್ನು ಹೆಸರಿಸುತ್ತದೆ. ಟಿಪ್ಪುವಿನ ರಾಜ್ಯದ ಹಂಚಿಕೆಯಲ್ಲಿ ಹಿಂದೂಪುರ ಕಲ್ಯಾಣದುರ್ಗಗಳ ಸೀಮೆ ಹೈದರಾಬಾದಿನ ನಿಜಾಮನ ಪಾಲಾಗಿ, 1800ರಲ್ಲಿ ಕಂಪನಿಗೆ ಸಂದಿತು. ಈ ಊರುಗಳ ಕನ್ನಡಿಗನು ರಾಣಿಯವರ ಸಂತೋಷವನ್ನು ಓದುವಾಗ, ತನ್ನ ನೆಲವನ್ನು ಮೈಸೂರಿನಿಂದ ಹೊರಗಿರಿಸಿದ ಆ ಹಂಚಿಕೆಯನ್ನೂ ಕೂಡಿಸಿಯೇ ಓದತಕ್ಕದ್ದು.