ಆತಕೂರಿನ ಶಾಸನವೂ ಕನ್ನಡ ಕಾವ್ಯದ ಬೇಟೆಯೂ

ಮೃಗಯೆಯು ವಿನೋದವೋ ವ್ಯಸನವೋ ಎಂಬ ಚರ್ಚೆ ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನೆಣಿಸುವಾಗ ಬೇಟೆಯನ್ನೇ ಮೊದಲು ಹೇಳಿರುವನು. ಕಾಳಿದಾಸನ ಶಾಕುಂತಲದಲ್ಲಿ ಸೇನಾಪತಿಯು ಅದೇ ಬೇಟೆಯನ್ನು ಮೈಗೆ ಲಾಘವವನ್ನು ಕೊಡುವ ಉತ್ತಮ ವಿನೋದವೆಂದು ಹೊಗಳುತ್ತಾನೆ, ವಿದೂಷಕನು ಹಳಿಯುತ್ತಾನೆ, ಋಷಿಯೊಬ್ಬನು ಅರಸನ ಬಾಣವನ್ನು ತಡೆಯುತ್ತಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದೊಳಗೆ ಮೃಗಯಾವಿನೋದ, ಮತ್ಸ್ಯವಿನೋದ, ಸಾರಮೇಯವಿನೋದಗಳಿಗೆ ಬೇರೆಬೇರೆ ಪ್ರಕರಣಗಳನ್ನೇ ಮೀಸಲಿಟ್ಟನು. ಗಾಳ ಹಾಕುವವನಿಗೆ ಯಾವ ಮೀನಿಗೆ ಯಾವ ಎರೆಯೆಂಬುದನ್ನು ಕೂಡ ಆ ಅರಸನು ಹೇಳದೆ ಬಿಟ್ಟಿಲ್ಲ.

ಹೀಗಿರಲು, ಕನ್ನಡ ಸಾಹಿತ್ಯದಲ್ಲಿ ಬೇಟೆಯು ಯಾವ ರೂಪದಲ್ಲಿ ಕಾಣಿಸಿಕೊಂಡಿದೆ, ಬೇಟೆಯಾಡುವ ಮತ್ತು ಬೇಟೆಗೊಳಗಾಗುವ ಪ್ರಾಣಿಗಳನ್ನು ನಮ್ಮ ಕವಿಗಳು ಎಷ್ಟರಮಟ್ಟಿಗೆ ಕಂಡರು ಎಂಬುದನ್ನು ವಿಮರ್ಶಿಸುವುದು ಅನುಚಿತವಾಗದು. ಈ ವಿಮರ್ಶೆಗೆ ಒರೆಗಲ್ಲಾಗಿ ನಾವು ತೆಗೆದುಕೊಳ್ಳುವುದು ಕಾವ್ಯವನ್ನಲ್ಲ, ಒಂದು ಕಲ್ಲನ್ನು.

೧

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಕೆಂಗೇರಿಯನ್ನು ದಾಟಿ ಮೈಸೂರಿನ ದಾರಿಯನ್ನು ಹಿಡಿದರೆ ರಾಮನಗರ, ಚನ್ನಪಟ್ಟಣಗಳ ಆಚೆ ಮದ್ದೂರು ಸಿಕ್ಕುವುದು. ಆ ತಾಲ್ಲೂಕಿನ ಆತಗೂರೇ ಶಾಸನಗಳ ಆತಕೂರು. ಅಲ್ಲಿಯ ಚಲ್ಲೇಶ್ವರ ದೇವಾಲಯದ ಮುಂದೆ ನೆಟ್ಟಿದ್ದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ ೮೭೨ರ, ಎಂದರೆ ಕ್ರಿ.ಶ. ೯೪೯–೫೦ರ ಈ ಶಾಸನವನ್ನು ಫ್ಲೀಟ್ ಮಹಾಶಯರು ಎಪಿಗ್ರಾಫಿಯಾ ಇಂಡಿಕಾದ ಎರಡನೆಯ ಸಂಪುಟದಲ್ಲಿಯೂ, ರೈಸ್ ಮಹಾಶಯರು ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿಯೂ ಪ್ರಕಟಿಸಿದರು.

ಶಾಸನದ ವೃತ್ತಾಂತವಿದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಕಡೆ ಕಾದಿದ ಗಂಗರ ಬೂತುಗನು ರಾಜಾದಿತ್ಯನನ್ನು ಕೊಂದು, ಬನವಾಸಿ ಪನ್ನಿರ್ಛಾಸಿರವೇ ಮೊದಲಾದ ನಾಡುಗಳನ್ನು ಚಕ್ರವರ್ತಿಯಿಂದ ಪಡೆದನು. ಬೂತುಗನ ಆಳಾದ ಮಣಲೆರನು ಆ ಯುದ್ಧದಲ್ಲಿ ಮೆರೆದನು. ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡೆಂದಾಗ ಮಣಲೆರನು ಬೇಡಿದುದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ತರುವಾಯ ಕೆಲಲೆನಾಡಿನ ಬೆಳತೂರಿನ ಪಶ್ಚಿಮದ ಬೆಟ್ಟದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಡನೆ ಸತ್ತುವು. ಅದಕ್ಕಾಗಿ ಚಲ್ಲೇಶ್ವರನ ಮುಂದೆ ಕಲ್ಲನ್ನು ನೆಡಿಸಿ, ಮಣ್ಣನ್ನು ಬಿಟ್ಟುಕೊಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನು.

ಈ ಶಾಸನವನ್ನು ಕುರಿತು ವಿದ್ವಾಂಸರು ಬರೆದುದು ಅಲ್ಪವಲ್ಲ. ಆದರೆ ಅದರಲ್ಲಿ ಬಹುಭಾಗವು ತಕ್ಕೋಲದ ಯುದ್ಧವನ್ನು ಕುರಿತುದು. ರಾಜಾದಿತ್ಯನ ಮರಣವನ್ನು ಹೇಳುವಲ್ಲಿ ಬಂದಿರುವ ‘ಬಿಸುಗೆ’ ಎಂಬ ಒಂದು ಮಾತನ್ನು ಫ್ಲೀಟರು ಅಪ್ಪುಗೆಯೆಂದು ತಿಳಿದುದರಿಂದ ಬೂತುಗನ ಮೇಲೆ ವಿಶ್ವಾಸಘಾತಕನೆಂಬ ಅಪವಾದವು ಬಂದಿತು. ಅದು ಆನೆಯ ಮೇಲಣ ಪೀಠವೆಂದು ಮುಂದಿನವರು ಅರ್ಥಮಾಡಲು ಆ ಅಪವಾದವು ತೊಲಗಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ಲೈಡನ್ ತಾಮ್ರಶಾಸನವೂ ಹೇಳುವುದರಿಂದ ಎರಡನೆಯ ಅರ್ಥವೇ ಯುಕ್ತವಾದುದು. ಈ ಚರ್ಚೆಯು ಚರಿತ್ರೆಗೆ ಅವಶ್ಯಕವಾದುದೇ ಸರಿ. ಆದರೂ ಇದರ ಗದ್ದಲದಲ್ಲಿ, ಈ ಕಲ್ಲು ತಕ್ಕೋಲಕ್ಕಾಗಿ ನೆಟ್ಟುದಲ್ಲ, ಕಾಳಿಗಾಗಿ ನೆಟ್ಟುದು ಎಂಬ ಸಂಗತಿಯು ಅಡಿಟಿಪ್ಪಣಿಯ ಮಟ್ಟಕ್ಕೆ ಇಳಿಯಿತೆಂದು ಹೇಳದೆ ವಿಧಿಯಿಲ್ಲ. ಕಲ್ಲಿನ ನೆತ್ತಿಯಲ್ಲಿ ಶಿಲ್ಪಿಯು ಕಡೆದಿರುವುದು ಚೋಳನ ಆನೆಯನ್ನಲ್ಲ. ನಾಯಿಯೂ ಹಂದಿಯೂ ಕಾದುವುದನ್ನು.

೨

ಇನ್ನು ಕಾವ್ಯಗಳ ಕಡೆಗೆ ತಿರುಗುವ. ಮಹಾಕಾವ್ಯದಲ್ಲಿರತಕ್ಕ ವರ್ಣನೆಗಳನ್ನು ದಂಡಿಯು ಎಣಿಸಿದಾಗ ಮೃಗಯೆಯನ್ನು ಹೆಸರಿಸಲಿಲ್ಲ; ೧೪ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಅದನ್ನು ಸೇರಿಸಿದನು. ಶಾಸ್ತ್ರಕಾರನು ಒಪ್ಪಿಗೆ ಕೊಡುವುದಕ್ಕೆ ಬಹು ಮೊದಲೇ ಕನ್ನಡ ಕವಿಗಳು ಕಾಡನ್ನು ಹೊಕ್ಕಿದ್ದರು.

ಪಂಪನ ವಿಕ್ರಮಾರ್ಜುನವಿಜಯವು ಮುಗಿದುದು ಕ್ರಿ.ಶ. ೯೪೧ರಲ್ಲಿ, ಆತಕೂರಿನ ಕಲ್ಲಿಗಿಂತ ಎಂಟು ಒಂಬತ್ತು ವರ್ಷ ಮಾತ್ರ ಹಿಂದೆ. ಪಂಪನ ಆಶ್ರಯದಾತನಾದ ಅರಿಕೇಸರಿಯೂ ಬೂತುಗನೂ ರಾಷ್ಟ್ರಕೂಟರ ನೆರಳಿನಲ್ಲಿ ಆಳಿದವರೇ. ಆದುದರಿಂದ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ನ್ಯಾಯವಾಗಿದೆ. ಖಾಂಡವದಹನಕ್ಕೆ ಮೊದಲು ಬರುವ ಬೇಟೆಯ ಭಾಗವನ್ನು ಓದಿದವರಿಗೆ, ಪಂಪನು ಬೇಟೆಯನ್ನು ಪುಸ್ತಕದಿಂದ ಕಲಿತವನಲ್ಲವೆಂಬುದು ವಿದಿತವಾಗುವುದು. ದೀವವನ್ನು, ಎಂದರೆ ಪಳಗಿಸಿದ ಮೃಗವನ್ನು ಮುಂದೊಡ್ಡಿ ಕಾಡುಮೃಗವನ್ನು ಸೆಳೆಯುವ ಬೇಟೆಯೇ ಮೊದಲಾದ ಬಗೆಗಳೂ, ಬೇಟೆಗಾರರ ಪರಿಭಾಷೆಯೂ ಅವನ ನಾಲಗೆಯಲ್ಲಿ ಸಲೀಲವಾಗಿ ಹರಿದಾಡುತ್ತವೆ. ನಿಘಂಟುಕಾರನಿಗೆ ಈ ಭಾಗವೊಂದು ನಿಧಿ.

ಆದರೆ ಪಂಪನ ಬೇಟೆಯಲ್ಲಿ ಮೃಗಕ್ಕೆ ಹೆಸರಿಲ್ಲ, ನಾಯಿಗೂ ಇಲ್ಲ. ಅಲ್ಲಿ ಹೆಸರಿರುವವನು ಅರ್ಜುನನು, ಮತ್ತು ಅರ್ಜುನನ ಮರೆಯಲ್ಲಿ ನಿಂತಿರುವ ಅರಿಕೇಸರಿ. ಹುಲಿ, ಹಂದಿ, ಹುಲ್ಲೆಗಳು ಆ ವೀರನ ಕೈಚಳಕವನ್ನು ತೋರಿಸುವುದಕ್ಕಾಗಿ ಸಾಯುತ್ತವೆ. ಇದನ್ನು ದೋಷವೆನ್ನಲಾಗದು, ಅವನು ಮಾಡಹೊರಟ ಕೆಲಸವೇ ಅದು. ಆದರೂ ಕವಿಯ ಕಣ್ಣು ಎಲ್ಲಿ ನಿಲ್ಲುತ್ತದೆಂಬುದನ್ನು ವಿಮರ್ಶಕನು ಗುರುತಿಸಬೇಕು.

ಸುಮಾರು ಮುನ್ನೂರು ವರ್ಷಗಳ ಮೇಲೆ ರಾಘವಾಂಕನು ಹರಿಶ್ಚಂದ್ರಕಾವ್ಯದಲ್ಲಿ ಬೇಟೆಯನ್ನು ಮತ್ತೊಂದು ರೀತಿಯಲ್ಲಿ ಬಳಸಿಕೊಂಡನು. ಬೇಡರು, ನಾಯಿಗಳು, ಬಲೆಗಳು ಎಲ್ಲವೂ ಅಲ್ಲುಂಟು. ಷಟ್ಪದಿಯ ಓಟಕ್ಕೆ ಬೇಟೆಯ ಓಟವು ಚೆನ್ನಾಗಿ ಹೊಂದಿಕೊಂಡಿದೆ. ವಿಶೇಷವೇನೆಂದರೆ, ಇಲ್ಲಿ ಬೇಟೆಯು ಅಲಂಕಾರವಾಗಿ ಉಳಿಯದೆ ಕಥೆಯ ಕೀಲಾಗಿದೆ. ವಿಶ್ವಾಮಿತ್ರನ ಸೃಷ್ಟಿಯಾದ ಹಂದಿಯು ಅರಸನನ್ನು ಎಳೆದು ತಂದು ಮುನಿಯ ಆಶ್ರಮದಲ್ಲಿ ಬೀಳಿಸುತ್ತದೆ. ಅಲ್ಲಿಂದಲೇ ರಾಜ್ಯನಷ್ಟದ ಸರಣಿಯು ತೊಡಗುತ್ತದೆ. ಬೇಟೆಗಾರನೇ ಬೇಟೆಯಾಗುವನು. ಪಂಪನಲ್ಲಿ ಕಾಣದ ನಾಟಕೀಯತೆಯು ಇಲ್ಲಿ ಬಂದಿದೆ. ಆದರೆ ಆ ಹಂದಿಯು ನಿಜವಾದ ಹಂದಿಯಲ್ಲ. ಮುನಿಯ ಕೋಪಕ್ಕೆ ತೊಡಿಸಿದ ತೊಗಲು.

ಜನ್ನನ ಯಶೋಧರಚರಿತೆಯು (೧೨೦೯) ಬೇಟೆಯ ಎದುರುಪಕ್ಷವನ್ನು ವಹಿಸಿದೆ. ಬೇಟೆಗೆ ಹೊರಟ ಯಶೋಮತಿಯು ಸುದತ್ತಮುನಿಯನ್ನು ಕಂಡು ಅಪಶಕುನವೆಂದು ನಾಯಿಗಳನ್ನು ಛೂಬಿಡಲು, ಅವು ಮುನಿಯನ್ನು ಕಚ್ಚದೆ ತಣ್ಣಗಾಗುತ್ತವೆ. ಅದೇ ಕಾವ್ಯದಲ್ಲಿ ನಾಯಿಯಾಗಿ ಹುಟ್ಟಿದ ತಾಯಿಯು ನವಿಲಾಗಿ ಹುಟ್ಟಿದ ಮಗನನ್ನು ಕೊಲ್ಲುತ್ತಾಳೆ. ಕೊಲ್ಲುವ ಬಾಯಿಗೂ ಸಾಯುವ ಕೊರಳಿಗೂ ನಡುವೆ ಬಂಧುತ್ವವನ್ನು ಕಂಡವನು ಜನ್ನನು; ಈ ದರ್ಶನವು ಘೋರವಾದುದು, ಗಂಭೀರವಾದುದು. ಆದರೆ ಇಲ್ಲಿಯೂ ನಾಯಿಯು ನಾಯಿಯಲ್ಲ. ಕರ್ಮವು ತಾಳಿದ ಒಂದು ವೇಷ.

ಹೀಗೆ ಒಬ್ಬನಲ್ಲಿ ಪ್ರಾಣಿಯು ಅರಸನ ಕೀರ್ತಿಗೆ ಸಾಧನ, ಮತ್ತೊಬ್ಬನಲ್ಲಿ ಕಥೆಗೆ ಉಪಾಯ, ಇನ್ನೊಬ್ಬನಲ್ಲಿ ಧರ್ಮಕ್ಕೆ ದೃಷ್ಟಾಂತ. ಪ್ರಾಣಿಯನ್ನು ಪ್ರಾಣಿಯಾಗಿಯೇ, ಇಂತಹ ಊರಿನ ಇಂತಹ ಬೆಟ್ಟದಲ್ಲಿ ಸತ್ತ ಇಂತಹ ಹೆಸರಿನ ಜೀವವಾಗಿ ಕಂಡುದು ಕಲ್ಲು.

೩

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಶಾಸನವು ದಾನಪತ್ರ, ಅದರಲ್ಲಿ ಹೆಸರು, ಸ್ಥಳ, ಕಾಲಗಳು ಇರುವುದು ವ್ಯವಹಾರದ ಅವಶ್ಯಕತೆ, ಅದನ್ನು ಸಾಹಿತ್ಯಗುಣವೆಂದು ಕೊಂಡಾಡುವುದು ಅತಿರೇಕವಲ್ಲವೆ? ಈ ಆಕ್ಷೇಪವು ಅರ್ಧ ಸರಿ. ದಾನಕೊಟ್ಟ ಭೂಮಿಯ ಗುರುತು ವ್ಯವಹಾರಕ್ಕೆ ಬೇಕು. ಆದರೆ ಮಣಲೆರನು ಏನನ್ನು ಬೇಡಿದನೆಂಬುದು ಬೇಕಿರಲಿಲ್ಲ. ನಾಯಿಯ ಹೆಸರು ಬೇಕಿರಲಿಲ್ಲ. ಹಂದಿಯೂ ಅದರೊಡನೆಯೇ ಸತ್ತಿತೆಂಬುದಂತೂ ಬೇಕಿರಲೇ ಇಲ್ಲ. ಗೆದ್ದ ನಾಯಿಯನ್ನು ಹೊಗಳುವುದೇ ಉದ್ದೇಶವಾಗಿದ್ದರೆ ಹಂದಿಯ ಸಮಬಲವನ್ನು ಮರೆಮಾಡಬಹುದಾಗಿತ್ತು. ಬರೆದವನು ಮರೆಮಾಡಲಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕೆಂಬ ಈ ವಿವೇಕವೇ ಗದ್ಯದ ಪ್ರಾಣ.

ಶಾಪವಾಕ್ಯವನ್ನೂ ಗಮನಿಸಬೇಕು. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವು ಬರಲೆಂಬುದು ನಮ್ಮ ಶಾಸನಗಳ ರೂಢಿಯ ಮಾತು. ಇಲ್ಲಿ ಲಿಪಿಕಾರನು ಆ ಸವೆದ ನಾಣ್ಯವನ್ನು ಬಿಟ್ಟು ಹೊಸದನ್ನು ಅಚ್ಚುಹಾಕಿದ್ದಾನೆ. ನಾಯಿಗೂ ಪಾಪವುಂಟು, ಆ ಪಾಪವು ಕೊಂದ ಪಾಪವಲ್ಲದೆ ಮತ್ತಾವುದಾದೀತು? ಅದು ಪೂಜೆಯನ್ನು ಮರೆತವನಿಗೆ ಹತ್ತುವುದು. ಬೇಟೆಯನ್ನು ಮೆಚ್ಚಿ ನೆಟ್ಟ ಕಲ್ಲೇ ಬೇಟೆಯಲ್ಲಿ ಪಾಪವಿದೆಯೆಂಬುದನ್ನು ಒಳಗೊಳಗೇ ಒಪ್ಪಿಕೊಂಡಂತಾಯಿತು. ಮನುವಿನ ನಿಂದೆಯೂ ಸೇನಾಪತಿಯ ಹೊಗಳಿಕೆಯೂ ಈ ಒಂದು ವಾಕ್ಯದಲ್ಲಿ ಕೂಡಿವೆ. ಆದುದರಿಂದ ಶಾಸನಗಳಿಂದ ಚರಿತ್ರೆಯ ಕಾಳನ್ನು ತೂರಿಕೊಂಡು ಉಳಿದುದನ್ನು ಹೊಟ್ಟೆಂದು ಎಸೆಯುವ ಅಭ್ಯಾಸವನ್ನು ನಮ್ಮ ಸಾಹಿತ್ಯಚರಿತ್ರಕಾರರು ಬಿಡಬೇಕು.

೪

ಬೇಟೆಯ ಸಾಹಿತ್ಯವು ಹಳಗನ್ನಡದೊಡನೆ ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ (೧೯೧೦–೧೯೭೪) ಎಂಬ ಬೇಟೆಗಾರರು ೧೯೫೪ರಿಂದ ಇಂಗ್ಲಿಷಿನಲ್ಲಿ ಪ್ರಕಟಿಸಿದ ಅನುಭವಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ‘ಕಾಡಿನ ಕಥೆಗಳು’ ಎಂಬ ಮಾಲೆಯಾಗಿ ಕನ್ನಡಿಸಿದರು. ಅದರ ಒಂದು ಭಾಗಕ್ಕೆ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂದು ಹೆಸರು. ಇಂದು ವಿಜಯನಗರ, ಬಸವೇಶ್ವರನಗರಗಳ ಮಗ್ಗುಲಲ್ಲಿ ಜನಸಂದಣಿಯಿಂದ ಕೂಡಿ ಹಾದುಹೋಗುವ ಮಾಗಡಿ ರಸ್ತೆಯನ್ನು ಕಂಡವರಿಗೆ, ಅದೇ ದಾರಿ ಮುಟ್ಟುವ ಊರಿನ ಸುತ್ತಮುತ್ತ ಚಿರತೆಯ ಕಥೆ ನಡೆಯಿತೆಂಬುದು ಸೋಜಿಗವೆನಿಸೀತು. ಈ ಕಥೆಗಳಲ್ಲಿ ಊರು, ಹಳ್ಳ, ದಿನ್ನೆಗಳಿಗೆ ಹೆಸರಿದೆ. ಕೊಲ್ಲುವ ಪ್ರಾಣಿಗೆ ನಡತೆಯಿದೆ, ಆ ನಡತೆಗೆ ಕಾರಣವಿದೆ. ಪಂಪನ ಹೆಸರಿಲ್ಲದ ಮೃಗಗಳಿಗಿಂತ ಆತಕೂರಿನ ಕಲ್ಲಿಗೇ ಇವು ಹತ್ತಿರದ ನಂಟು.

ತೇಜಸ್ವಿಯವರು ಸ್ವತಃ ಕೋವಿಯನ್ನೂ ಗಾಳವನ್ನೂ ಹಿಡಿದವರು. ಅವರ ‘ಪರಿಸರದ ಕತೆ’ಯಲ್ಲಿ ಕಿವಿಯೆಂಬ ನಾಯಿಯೊಂದು ಬರುತ್ತದೆ. ಅದು ಯಾವ ಅರಸನ ಕೀರ್ತಿಗೂ ಸಾಧನವಲ್ಲ, ಯಾವ ಧರ್ಮಕ್ಕೂ ದೃಷ್ಟಾಂತವಲ್ಲ. ಕಾಡು ಸುತ್ತುವ ಯಜಮಾನನ ಸಂಗಾತಿ, ತನ್ನದೇ ಸ್ವಭಾವವುಳ್ಳ ನಾಯಿ. ಕಾಳಿಗೂ ಕಿವಿಗೂ ನಡುವೆ ಒಂದು ಸಾವಿರ ವರ್ಷಗಳಿಗಿಂತ ಹೆಚ್ಚಿನ ಅಂತರವಿದೆ. ಈ ನಡುವೆ ಕನ್ನಡವು ಬೇಟೆನಾಯಿಗಳ ಹಿಂಡುಗಳನ್ನು ಎಷ್ಟೋ ವರ್ಣಿಸಿತು. ಒಂದು ನಾಯಿಯನ್ನು ಹೆಸರುಹಿಡಿದು ಪ್ರೀತಿಯಿಂದ ಕರೆದ ಸಂದರ್ಭಗಳು ವಿರಳ.

೫

೧೯೭೨ರಲ್ಲಿ ಭಾರತವು ಎರಡು ಕಾನೂನುಗಳನ್ನು ಮಾಡಿತು: ವನ್ಯಜೀವಿ ಸಂರಕ್ಷಣೆಯದೊಂದು, ಪ್ರಾಚ್ಯವಸ್ತುಗಳದೊಂದು. ಮೃಗದ ಬೇಟೆಗೂ ಹಳೆಯ ವಸ್ತುಗಳ ಬೇಟೆಗೂ ಒಂದೇ ವರ್ಷದಲ್ಲಿ ಕಟ್ಟುಬಿದ್ದಿತು. ಇಂದು ರಜೆಯ ದಿನ ಹೊಲಗದ್ದೆಗಳನ್ನು ಸುತ್ತುವ ಹವ್ಯಾಸಿಗೆ ಉಳಿದಿರುವ ನಿರಪರಾಧವಾದ ಬೇಟೆಯೆಂದರೆ ಕಲ್ಲಿನದು: ಕಂಡು, ಓದಿ, ಪ್ರತಿಮಾಡಿಕೊಂಡು, ಇದ್ದಲ್ಲಿಯೇ ಬಿಟ್ಟುಬರುವುದು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ರೈಸರು ೧೯೦೫ರಲ್ಲಿ ಪ್ರಕಟಿಸಿದ ಮೇಲೆ ನಗರವು ಪಶ್ಚಿಮಕ್ಕೆ ಹರಡಿ, ಹಳ್ಳಿಗಳನ್ನು ಬಡಾವಣೆಗಳು ನುಂಗಿವೆ. ಊರಬಾಗಿಲಲ್ಲಿ ನಿಂತ ವೀರಗಲ್ಲು ಚರಂಡಿಯ ಹಾಸುಗಲ್ಲಾಗುವುದಕ್ಕೆ ಒಂದು ಬೇಸಗೆಯು ಸಾಕು. ಮಿಥಿಕ್ ಸೊಸೈಟಿಯವರು ೨೦೨೧ರಲ್ಲಿ ತೊಡಗಿಸಿದ, ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಪ್ರತಿಮಾಡಿ ಉಳಿಸುವ ಕಾರ್ಯವು ಈ ದೃಷ್ಟಿಯಿಂದ ಶ್ಲಾಘ್ಯವಾದುದು.

ಆದರೆ ಅಕ್ಷರವನ್ನು ಉಳಿಸಿದ ಮಾತ್ರಕ್ಕೆ ಅರ್ಥವು ಉಳಿಯದು. ಆತಕೂರಿನ ಕಲ್ಲು ವಸ್ತುಸಂಗ್ರಹಾಲಯದಲ್ಲಿ ಕ್ಷೇಮವಾಗಿದೆ. ಚಲ್ಲೇಶ್ವರನ ಮುಂದೆ ಇದ್ದಿದ್ದರೆ ಇಷ್ಟು ಕ್ಷೇಮವಾಗಿರುತ್ತಿತ್ತೆಂದು ಯಾರೂ ಹೇಳಲಾರರು. ಆದರೂ ಕಾಳಿಗೆ ಮಣ್ಣನ್ನು ಬಿಟ್ಟವರು ವಿಧಿಸಿದ ನಿಯಮವು, ದಿನವೂ ಉಣ್ಣುವ ಮೊದಲು ಒಬ್ಬನು ಆ ನಾಯಿಯನ್ನು ನೆನೆಯಬೇಕೆಂಬುದು. ಗೊರವನಿಲ್ಲ, ಪೂಜೆಯಿಲ್ಲ. ಆ ಹೊಣೆಯು ಈಗ ಓದುವವರ ಮೇಲೆ ಬಿದ್ದಿದೆ. ಆ ಕಲ್ಲನ್ನು ಓದಿ ತಕ್ಕೋಲವನ್ನು ಮಾತ್ರ ನೆನೆದು, ಕಾಳಿಯನ್ನೂ ಅದರೊಡನೆ ಸತ್ತ ಹಂದಿಯನ್ನೂ ಮರೆತವರು, ಪೂಜಿಸದೆ ಉಂಡ ಗೊರವನ ಸಾಲಿಗೇ ಸೇರತಕ್ಕವರು.